ಎರಡನೇ ಬಿತ್ತನೆಗೆ ಇಟ್ಟ ಮೂಟೆ

ಶಿರಾ ಸೀಮೆಯ ನಮ್ಮೂರಲ್ಲಿ ಮೇ ಕೊನೆಯ ವಾರ ಅಂದರೆ ಬೀಜ ಸುಲಿಯುವ ಕಾಲ. ಜಗಲಿಯ ಮೇಲೆ ಕಡ್ಲೆಕಾಯಿ ರಾಶಿ. ಅಕ್ಕ ಹೆಬ್ಬೆರಳಲ್ಲಿ ಸಿಪ್ಪೆ ಒತ್ತಿ ಒಡೆದು, ಒಳಗಿನ ಕೆಂಪು ಪೊರೆ ಕೀಳದ ಹಾಗೆ ಬೀಜ ಬಿಡಿಸಿ ಮೊರಕ್ಕೆ ಹಾಕುತ್ತಿದ್ದಳು. ಪೊರೆ ಕಿತ್ತದ್ದು, ಸುಕ್ಕಾದದ್ದು ಪಕ್ಕದ ಡಬ್ಬಿಗೆ; ಅದು ಚಟ್ನಿಗೆ. ಮಿಷನ್ನಿಗೆ ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಬೀಜ ಹೋಳಾಗುತ್ತದೆ. ಹೋಳಾದ ಬೀಜ ಮೊಳೆಯುವುದಿಲ್ಲ. ರಾಶಿಯ ಹಿಂದೆ ಗೋಡೆಗೆ ಒರಗಿಸಿ ಒಂದು ಮೂಟೆ ಬಾಯಿ ಹೊಲಿದು ಇಟ್ಟಿತ್ತು.

ಹವಾಮಾನ ಬದಲಾವಣೆಯನ್ನು ಎದುರಿಸಲು ದೇಶ ಹೇಗೆ ಸಜ್ಜಾಗಬೇಕು ಎಂಬ ವರದಿಗಳನ್ನು ಓದಿ ಟಿಪ್ಪಣಿ ಬರೆಯುವುದು ದಿಲ್ಲಿಯಲ್ಲಿ ನನ್ನ ಕೆಲಸ. ರಜೆಗೆ ಬಂದರೂ ಒಂದು ದಪ್ಪ ಕರಡು ಜೊತೆಗೆ ಬಂದಿತ್ತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅವಳ ಎದುರಿಗೆ ಕೂತೆ.

ಅಕ್ಕ: ಅಷ್ಟು ದಪ್ಪ ಪುಸ್ತಕದಲ್ಲಿ ಏನು ಬರೆದಿದ್ದಾರೆ?

ನಾನು: ಹವಾಮಾನ ಬದಲಾವಣೆಗೆ ಹೊಂದಾಣಿಕೆ ಅಂತ. ಹೊಗೆ ಕಡಿಮೆ ಮಾಡೋದು ಒಂದು ಕೆಲಸ. ಅದನ್ನ ಎಲ್ಲಾ ದೇಶಗಳೂ ಸೇರಿ ಮಾಡಬೇಕು. ಆದರೆ ಇಷ್ಟು ವರ್ಷ ಬಿಟ್ಟ ಹೊಗೆಯಿಂದ ಬಿಸಿ ಆಗಲೇ ಏರಿದೆ, ಮಳೆ ಆಗಲೇ ದಾರಿ ತಪ್ಪಿದೆ. ಇದರ ಜೊತೆಗೆ ಬದುಕೋದಕ್ಕೆ ಏನೇನು ಬದಲಾಯಿಸಿಕೊಳ್ಳಬೇಕು ಅನ್ನೋದು ಇನ್ನೊಂದು ಕೆಲಸ. ಅದಕ್ಕೆ ಹೊಂದಾಣಿಕೆ ಅಂತಾರೆ.

ಅಕ್ಕ: ಆ ಮಾತು ನನಗೆ ಗೊತ್ತಿರೋದೇ. ಮದುವೆ ದಿನ ಅಮ್ಮ ಕೈ ಹಿಡ್ಕೊಂಡು ಹೇಳಿದ್ದಳು, ‘ಹೊಂದ್ಕೊಂಡು ಹೋಗು’ ಅಂತ. ಆ ಕಡೆಯವರಿಗೆ ಯಾರೂ ಆ ಮಾತು ಹೇಳಲಿಲ್ಲ. ನಾನು ಹೊಂದ್ಕೊಂಡೆ, ಬಿಡು. ಆದರೆ ಆವತ್ತಿಂದ ಆ ಮಾತು ಕೇಳಿದಾಗೆಲ್ಲ ಒಂದೇ ಪ್ರಶ್ನೆ ಬರುತ್ತೆ. ಹೊಂದ್ಕೋಬೇಕಾದವರು ಯಾರು?

ನಾನು: ಎಲ್ಲರೂ.

ಅಕ್ಕ: ಎಲ್ಲರೂ ಅಂದರೆ ಯಾರೂ ಅಲ್ಲ. ಸರಿಯಾಗಿ ಹೇಳು.

ನಾನು: ಮೊದಲಿಂದ ಹೇಳ್ತೀನಿ. 2008ರ ಜೂನ್ 30ಕ್ಕೆ ಕೇಂದ್ರ ಸರ್ಕಾರ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾ ಯೋಜನೆ ಹೊರಡಿಸಿತು. ಮನಮೋಹನ್ ಸಿಂಗ್ ಪ್ರಧಾನಿ ಆಗಿದ್ದರು. ಅದರಲ್ಲಿ ಎಂಟು ಮಿಷನ್‌ಗಳು. ಸೌರಶಕ್ತಿ, ಇಂಧನ ದಕ್ಷತೆ ಇವೆರಡು ಹೊಗೆಯ ಕಡೆಯವು. ನೀರು, ಬೇಸಾಯ, ಹಿಮಾಲಯ, ಕಾಡು ಇಂಥವು ಬಹುಮಟ್ಟಿಗೆ ನಾನು ಹೇಳಿದ ಎರಡನೇ ಕೆಲಸದ್ದು. ಮಾರನೇ ವರ್ಷ ರಾಜ್ಯಗಳಿಗೂ ನಿಮ್ಮ ನಿಮ್ಮ ಯೋಜನೆ ಮಾಡ್ಕೊಳ್ಳಿ ಅಂದರು. ನಮ್ಮ ರಾಜ್ಯದ್ದನ್ನ ಬೆಂಗಳೂರಿನ ಪರಿಸರ ನೀತಿ ಸಂಶೋಧನಾ ಸಂಸ್ಥೆ, ಎಂಪ್ರಿ ಅಂತಾರೆ, ಅದು ಬರೆಯಿತು.

ಅಕ್ಕ: ನಮ್ಮ ಜಿಲ್ಲೆಗೆ?

ನಾನು: ಜಿಲ್ಲೆಗೂ ಇದೆ. ಬೇಸಾಯಕ್ಕೆ ಅಂತಲೇ ಆಕಸ್ಮಿಕ ಯೋಜನೆ. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ, ಕ್ರಿಡಾ ಅಂತಾರೆ, ಅದು ಮುಂದೆ ನಿಂತು ಕೃಷಿ ವಿಶ್ವವಿದ್ಯಾಲಯಗಳ ಜೊತೆ 650ಕ್ಕೂ ಹೆಚ್ಚು ಜಿಲ್ಲೆಗಳಿಗೆ ಬರೆಸಿದೆ. ಇದೇ ಕರಡಿನ ಜೊತೆ ತುಮಕೂರಿನದೂ ತಂದಿದ್ದೀನಿ. ನೋಡು, ಮಳೆ ಎರಡು ವಾರ ತಡ ಆದರೆ ಏನು ಮಾಡಬೇಕು, ನಾಲ್ಕು ವಾರ ಆದರೆ ಏನು, ಆರು, ಎಂಟು. ಬಿತ್ತಿದ ಮೇಲೆ ಮಳೆ ಕೈ ಕೊಟ್ಟರೆ ಏನು. ಕೆಂಪು ಮಣ್ಣಿಗೆ ಬೇರೆ, ಕಪ್ಪು ಮಣ್ಣಿಗೆ ಬೇರೆ.

ಅಕ್ಕ ಕೈಯೊರೆಸಿಕೊಂಡು ಹಾಳೆ ತೆಗೆದುಕೊಂಡಳು. ಕೋಷ್ಟಕ ಇಂಗ್ಲಿಷಿನಲ್ಲಿತ್ತು. ನಾನು ಒಂದೊಂದೇ ಸಾಲು ಓದಿ ಹೇಳಿದೆ. ಅವಳು ತಲೆದೂಗುತ್ತಾ ಕೇಳಿದಳು. ಕೇಳಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಅಕ್ಕ: ಬರೆದವರಿಗೆ ಬೇಸಾಯ ಗೊತ್ತು. ತಪ್ಪಿಲ್ಲ. ತಡ ಆದರೆ ಅಲ್ಪಾವಧಿ ರಾಗಿ, ಇನ್ನೂ ತಡ ಆದರೆ ಹುರುಳಿ. ನಮ್ಮಪ್ಪನೂ ಇದನ್ನೇ ಹೇಳ್ತಿದ್ದ. ಉತ್ತರೆ ಮಳೆಗಾದರೂ ನೆಲ ನೆನೆದರೆ ಹುರುಳಿ ಚೆಲ್ಲು, ದನಕ್ಕಾದರೂ ಆಗುತ್ತೆ ಅಂತಿದ್ದ. ಈಗ ನಾನು ನಡೆದದ್ದು ಹೇಳ್ತೀನಿ. ಎರಡು ಸಾವಿರದ ಇಪ್ಪತ್ತಮೂರನೇ ಇಸವಿ. ಕಡ್ಲೆಕಾಯಿ ಬಿತ್ತಿದ್ವಿ, ಹುಟ್ಟಿತು, ಹೂ ಬಿಟ್ಟಿತು. ಹೂ ಬಿದ್ದು ಕಾಯಿ ಮಣ್ಣಿಗೆ ಇಳಿಯೋ ಹೊತ್ತಿಗೆ ಆಶ್ಲೇಷ ಮಳೆ ಬರಬೇಕು. ಬರಲಿಲ್ಲ. ಮಘೆ ಬರಲಿಲ್ಲ. ಮಣ್ಣು ಗಟ್ಟಿಯಾಯ್ತು. ಮೇಲೆ ಗಿಡ ಹಸಿರಾಗೇ ಕಾಣ್ತಿತ್ತು, ಕಿತ್ತು ನೋಡಿದರೆ ಕೆಳಗೆ ಕಾಯಿ ಇಲ್ಲ.

ನಾನು: ಆ ಆಗಸ್ಟ್ ಇಡೀ ದೇಶಕ್ಕೇ ಅಂಥದ್ದು. 1901ರಿಂದ ಲೆಕ್ಕ ಇಟ್ಟ ಮೇಲೆ ಅಷ್ಟು ಕಡಿಮೆ ಮಳೆಯ ಆಗಸ್ಟ್ ಬಂದಿರಲಿಲ್ಲ. ವಾಡಿಕೆಗಿಂತ ಶೇ. 36ರಷ್ಟು ಕಮ್ಮಿ.

ಅಕ್ಕ: ಲೆಕ್ಕ ನೀನು ಹೇಳು. ನಾನು ಹುರುಳಿ ಬೀಜ ಕೇಳೋದಕ್ಕೆ ಹೋದೆ. ಕಡ್ಲೆಕಾಯಿ ಕಿತ್ತು ದನಕ್ಕೆ ಹಾಕಿ, ಮುಂದೆ ಒಂದು ಹದ ಮಳೆ ಬಂದರೆ ಹುರುಳಿ ಹಾಕೋಣ ಅಂತ. ಬೀಜ ಕೊಡೋ ಜಾಗದಲ್ಲಿ ಬೀಜ ಇರಲಿಲ್ಲ. ಇಂಡೆಂಟ್ ಹಾಕಿದ್ದೀವಿ, ಬರುತ್ತೆ ಅಂದರು. ಅಲ್ಲಿದ್ದ ಹುಡುಗ ಒಳ್ಳೆಯವನೇ, ಅವನ ಕೈಲಿ ಏನೂ ಇರಲಿಲ್ಲ. ಬೀಜ ಬರೋ ಹೊತ್ತಿಗೆ ಹದ ಹೋಗಿತ್ತು. ನಿನ್ನ ಹಾಳೆಯಲ್ಲಿ ಹುರುಳಿ ಅಂತ ಬರೆದಿದೆಯಲ್ಲ, ಆ ಹುರುಳಿ ಜುಲೈನಲ್ಲೇ ಯಾವ ಗೋಡೌನಲ್ಲಿ, ಎಷ್ಟು ಕ್ವಿಂಟಾಲ್ ಇರಬೇಕು ಅಂತ ಬರೆದಿದೆಯಾ?

ನಾನು: ಇಲ್ಲ.

ಅಕ್ಕ: ಅದನ್ನ ತರಿಸಿಡಬೇಕಾದವರು ಯಾರು ಅಂತ?

ನಾನು: ಇಲಾಖೆ ಅಂತ ಇದೆ.

ಅಕ್ಕ: ಹಾಗಾದರೆ ಇದು ಸಲಹೆ. ಯೋಜನೆ ಅಲ್ಲ. ಯೋಜನೆ ಅಂದರೆ ಆ ಮೂಟೆ.

ಅವಳು ಗೋಡೆಗೆ ಒರಗಿದ ಮೂಟೆ ತೋರಿಸಿದಳು. ಮೊದಲ ಬಿತ್ತನೆ ಕೆಟ್ಟರೆ ಎರಡನೇ ಬಿತ್ತನೆಗೆ ಅಂತ ಸುಲಿಯದೆ ಇಟ್ಟ ಕಾಯಿ. ಸುಲಿದರೆ ಬೀಜ ಬೇಗ ಹಾಳಾಗುತ್ತದೆ, ಸಿಪ್ಪೆಯೊಳಗಿದ್ದರೆ ತಡೆಯುತ್ತದೆ. ಮದುವೆ ಬರಲಿ, ಆಸ್ಪತ್ರೆ ಬರಲಿ, ಆ ಮೂಟೆಗೆ ಆಗಸ್ಟ್ ದಾಟುವವರೆಗೆ ಕೈ ಹಾಕುವುದಿಲ್ಲ ಅಂದಳು. ಒಳ್ಳೆಯ ಬೆಲೆ ಇದ್ದ ವರ್ಷವೂ ಮಾರಿಲ್ಲವಂತೆ.

ನಾನು ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ. ಹೊಂದಾಣಿಕೆಗೆ ವ್ಯಾಖ್ಯೆ ಕೊಡಲು ಗಂಟೆಗಟ್ಟಲೆ ಮಾತು ನಡೆಯುತ್ತದೆ. ಇಷ್ಟು ನೇರವಾದ ವ್ಯಾಖ್ಯೆ ಅಲ್ಲಿ ಕೇಳಿರಲಿಲ್ಲ. ಕಷ್ಟ ಬರುವ ಮುಂಚೆ, ಹೆಸರಿಟ್ಟು, ಬೇರೆಯದಕ್ಕೆ ಮುಟ್ಟದ ಹಾಗೆ ತೆಗೆದಿಡುವುದು.

ನಾನು: ದೇಶವೂ ಅಂಥ ಒಂದು ಮೂಟೆ ಇಟ್ಟಿತ್ತು. 2015ರಲ್ಲಿ ರಾಷ್ಟ್ರೀಯ ಹೊಂದಾಣಿಕೆ ನಿಧಿ ಅಂತ ಮಾಡಿದರು. ನಬಾರ್ಡ್ ಮೂಲಕ ದುಡ್ಡು. 27 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ 30 ಕೆಲಸಗಳಿಗೆ ಒಪ್ಪಿಗೆ ಕೊಟ್ಟರು. ನಮ್ಮ ರಾಜ್ಯದ ಪಾಲಿಗೆ ನಾಟಿ ದನ, ಕುರಿ ತಳಿಗಳನ್ನ ಉಳಿಸೋ ಕೆಲಸ.

ಅಕ್ಕ: ಅದು ಸರಿಯಾದ ಕೆಲಸ. ಬೆಳೆ ಹೋದ ವರ್ಷ ನಮ್ಮನ್ನ ಉಳಿಸಿದ್ದು ಕುರಿಯೇ. ನಮ್ಮ ಕುರಿ ಒಣ ಹುಲ್ಲು ತಿಂದು ಬದುಕುತ್ತೆ, ದೂರ ನಡೆಯುತ್ತೆ. ಹೊರಗಿಂದ ತಂದ ತಳಿ ಅಷ್ಟು ತಡೆಯೋದಿಲ್ಲ. ಎಷ್ಟು ದುಡ್ಡು ಇಟ್ಟಿದ್ದರು?

ನಾನು: ಮೂವತ್ತೂ ಸೇರಿ ಸುಮಾರು 847 ಕೋಟಿ. ಇಡೀ ದೇಶಕ್ಕೆ, ಹಲವು ವರ್ಷಕ್ಕೆ. 2022ರ ನವೆಂಬರಿನಲ್ಲಿ ಆ ನಿಧಿಯನ್ನ ಸ್ಕೀಮುಗಳ ಪಟ್ಟಿಯಿಂದ ಹೊರಗಿಟ್ಟರು.

ಅಕ್ಕ: ಹೊರಗಿಟ್ಟರು ಅಂದರೆ?

ನಾನು: ಆಗಲೇ ಒಪ್ಪಿದ ಕೆಲಸ ಮುಗಿಸೋದು ಬೇರೆ. ಆದರೆ ವರ್ಷ ವರ್ಷ ಬಜೆಟ್ಟಲ್ಲಿ ತನ್ನದೇ ಜಾಗ ಇರೋ ಯೋಜನೆಯಾಗಿ ಉಳಿಯಲಿಲ್ಲ.

ಅಕ್ಕ: ಮೂಟೆ ಬಿಚ್ಚಿದರು ಅನ್ನು.

ನಾನು: ಸರ್ಕಾರದ ವಾದವನ್ನೂ ಹೇಳಬೇಕು. ಹೊಂದಾಣಿಕೆಗೆ ಬೇರೆ ಖಾತೆ ಬೇಡ, ನೀರಾವರಿ, ಬೇಸಾಯ, ಆರೋಗ್ಯ, ಉದ್ಯೋಗ ಎಲ್ಲದರಲ್ಲೂ ಅದು ಬೆರೆತಿರಬೇಕು ಅನ್ನೋದು ಆ ವಾದ. 2023ರ ಡಿಸೆಂಬರಿನಲ್ಲಿ ಭಾರತ ವಿಶ್ವಸಂಸ್ಥೆಗೆ ತನ್ನ ಮೊದಲ ಹೊಂದಾಣಿಕೆ ವರದಿ ಕೊಟ್ಟಿತು. 2021–22ರಲ್ಲಿ ಹೊಂದಾಣಿಕೆಗೆ ಸಂಬಂಧಪಟ್ಟ ಖರ್ಚು ದೇಶದ ಒಟ್ಟು ಉತ್ಪನ್ನದ ಶೇ. 5.6ರಷ್ಟು ಅಂತ ಅದರಲ್ಲಿದೆ. 2015–16ರಲ್ಲಿ ಶೇ. 3.7 ಇತ್ತು. ನಮಗೆ ಹೊರಗಿನ ನೆರವು ಬಂದದ್ದು ತೀರ ಸ್ವಲ್ಪ, ಬಹುಪಾಲು ನಮ್ಮ ಜೇಬಿಂದಲೇ ಹಾಕ್ತಿದ್ದೀವಿ. ಹೊಗೆ ಬಿಟ್ಟು ಸಿರಿವಂತರಾದ ದೇಶಗಳು ಕೊಡಬೇಕಾದ ಬಾಕಿ ಅದು. ಅದನ್ನ ಜೋರಾಗಿ ಕೇಳಲೇಬೇಕು. ಕೇಳ್ತಿದ್ದೀವಿ.

ಅಕ್ಕ: ಕೇಳಲಿ. ಬೆರೆತಿರಬೇಕು ಅನ್ನೋದೂ ಒಪ್ಪೋ ಮಾತೇ. ಸಾರಿನಲ್ಲಿ ಉಪ್ಪು ಬೆರೆತಿರಬೇಕು. ಆದರೆ ಹಾಕಿದ್ದಾರೋ ಇಲ್ಲವೋ ಅಂತ ಬಾಯಿಗಿಟ್ಟವರಿಗೆ ಗೊತ್ತಾಗಬೇಕಲ್ಲ. ಒಂದು ಚೆಕ್‌ಡ್ಯಾಂ ಕಟ್ಟಿದರೆ ಅದು ಬರೋ ದಿನದ ಮಳೆಗೆ ಲೆಕ್ಕ ಹಾಕಿ ಕಟ್ಟಿದ್ದೋ, ಹಳೇ ಮಳೆ ಲೆಕ್ಕಕ್ಕೆ ಕಟ್ಟಿದ್ದೋ? ಎರಡಕ್ಕೂ ದುಡ್ಡು ಅಷ್ಟೇ ಖರ್ಚಾಗುತ್ತೆ. ಮೊದಲನೇದು ನಿಲ್ಲುತ್ತೆ, ಎರಡನೇದು ಒಂದೇ ರಾತ್ರಿ ಮಳೆಗೆ ಕೊಚ್ಚಿ ಹೋಗುತ್ತೆ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಖರ್ಚಾದ ಹಣವನ್ನು ಎಣಿಸುವುದು ಸುಲಭ. ಕೆಟ್ಟ ವರ್ಷದಲ್ಲಿ ಏನು ನಿಂತಿತು ಎಂದು ಎಣಿಸುವ ಅಂಕಣ ನಮ್ಮ ಕೋಷ್ಟಕಗಳಲ್ಲಿ ಅಪರೂಪ. ನಾನು ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯಲು ಕೂತೆ. ಮೊದಲ ನಾಲ್ಕು ಬೀಜದ ಪೊರೆ ಕಿತ್ತೇಬಿಟ್ಟಿತು. ಅಕ್ಕ ಏನೂ ಅನ್ನದೆ ಅವನ್ನು ಎತ್ತಿ ಚಟ್ನಿ ಡಬ್ಬಿಗೆ ಹಾಕಿದಳು.

ಅಕ್ಕ: ಆ ಇಪ್ಪತ್ತಮೂರರ ಬರ ಪರಿಹಾರದ ವಿಷಯ ನಿನಗೆ ಪೂರ್ತಿ ಗೊತ್ತಿರಬೇಕು. ನಮಗೆ ಬಂದದ್ದು ಗೊತ್ತು. ಸಂಕ್ರಾಂತಿ ಆಸುಪಾಸು ಎರಡು ಸಾವಿರ. ಮಿಕ್ಕಿದ್ದು ಬೇಸಿಗೆಯಲ್ಲಿ.

ನಾನು: ಸೆಪ್ಟೆಂಬರ್ ಮಧ್ಯದಲ್ಲಿ ರಾಜ್ಯ 195 ತಾಲ್ಲೂಕುಗಳನ್ನ ಬರಪೀಡಿತ ಅಂತ ಘೋಷಿಸಿತು. ಆಮೇಲೆ ಸೇರಿಸ್ತಾ ಸೇರಿಸ್ತಾ 236ರಲ್ಲಿ 223 ಆದವು. ಅಕ್ಟೋಬರಿನಲ್ಲಿ ಕೇಂದ್ರದ ತಂಡ ಬಂದು ನೋಡಿತು. ರಾಜ್ಯ ಕೇಳಿದ್ದು 18,171 ಕೋಟಿ. ತಿಂಗಳುಗಟ್ಟಲೆ ಬರದಿದ್ದಾಗ 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯ್ತು. ಏಪ್ರಿಲ್ ಕೊನೆಗೆ 3,454 ಕೋಟಿ ಬಿಡುಗಡೆ ಆಯ್ತು. ಎಷ್ಟು ಕೊಡಬೇಕಿತ್ತು ಅನ್ನೋದರ ಬಗ್ಗೆ ಎರಡೂ ಕಡೆ ವಾದ ಇದೆ. ನನಗೆ ಅದಕ್ಕಿಂತ ಹೆಚ್ಚು ಕಾಡೋದು ತಾರೀಖು. ಆಗಸ್ಟಲ್ಲಿ ಒಣಗಿದ ಬೆಳೆಗೆ ಮೇ ತಿಂಗಳಲ್ಲಿ ದುಡ್ಡು.

ಅಕ್ಕ: ಆಗಸ್ಟಿಗೂ ಮೇಗೂ ನಡುವೆ ಏನೇನು ಆಗುತ್ತೆ ಅಂತ ಗೊತ್ತಾ? ಮೊದಲು ಬಡ್ಡಿ ಸಾಲ. ಆಮೇಲೆ ಎಳೇ ದನ ಸಂತೆಗೆ. ಆಮೇಲೆ ಗಂಡಸರು ಬೆಂಗಳೂರಿಗೆ. ಪಕ್ಕದ ಮನೆ ಹುಡುಗಿ ಪಿಯುಸಿ ಬಿಟ್ಟು ಗಾರ್ಮೆಂಟ್ಸಿಗೆ ಸೇರಿದಳು, ವಾಪಸ್ ಕಾಲೇಜಿಗೆ ಹೋಗಲಿಲ್ಲ. ಮೇ ತಿಂಗಳಲ್ಲಿ ಬಂದ ದುಡ್ಡು ಬೇಡ ಅಂತ ಯಾರೂ ಹೇಳಲಿಲ್ಲ. ಆದರೆ ಆ ದುಡ್ಡು ಆ ಹುಡುಗಿಯನ್ನ ಕಾಲೇಜಿಗೆ ಕಳಿಸಲಿಲ್ಲ.

ನಾನು: ಆಗಿನ ನಿಯಮದ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಎಕರೆಗೆ ಸುಮಾರು 3,400. ಎರಡು ಹೆಕ್ಟೇರಿಗೆ ಮಿತಿ.

ಅಕ್ಕ: ಕಡ್ಲೆಕಾಯಿ ಬಿತ್ತನೆ ಬೀಜಕ್ಕೇ ಅದು ಸಾಲೋದಿಲ್ಲ. ಅಲ್ಲದೆ ಅದನ್ನ ಪಡೆಯೋದಕ್ಕೆ ಪಹಣಿ ಸರಿ ಇರಬೇಕು, ರೈತರ ನೋಂದಣಿಯ ಫ್ರೂಟ್ಸ್ ಐಡಿ ಆಗಿರಬೇಕು, ಆಧಾರ್ ಬ್ಯಾಂಕಿಗೆ ಜೋಡಿಸಿರಬೇಕು. ವಾರಕ್ಕೆ, ಅಂದರೆ ಪಾಲಿಗೆ, ಹೊಲ ಮಾಡೋರಿಗೆ ಪಹಣಿಯಲ್ಲಿ ಹೆಸರೇ ಇಲ್ಲ. ಬಿತ್ತಿದ್ದು ಅವರು, ಕಳಕೊಂಡದ್ದೂ ಅವರು. ದುಡ್ಡು ಬಂದದ್ದು ಊರು ಬಿಟ್ಟು ಇಪ್ಪತ್ತು ವರ್ಷ ಆದ ಜಮೀನಿನ ಯಜಮಾನರಿಗೆ.

ನಾನು: ಬರ ಅಂತ ಘೋಷಿಸೋದಕ್ಕೂ ಒಂದು ಕೈಪಿಡಿ ಇದೆ, 2016ರದ್ದು. ಮೂರು ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ ಬಿದ್ದರೆ ಅದು ಮೊದಲ ಸುಳಿವು. ಆಮೇಲೆ ಉಪಗ್ರಹದ ಚಿತ್ರ, ಮಣ್ಣಿನ ತೇವ, ಬಿತ್ತನೆ ಆದ ಪ್ರದೇಶ, ಕೆರೆ–ಜಲಾಶಯದ ನೀರು ಇವನ್ನೆಲ್ಲ ತಾಳೆ ನೋಡಬೇಕು. ಆಮೇಲೆ ಹಳ್ಳಿಗಳಿಗೆ ಹೋಗಿ ಹೊಲದಲ್ಲಿ ನಿಂತು ನೋಡಬೇಕು. ಸುಳ್ಳು ಬರ ತೋರಿಸಿ ದುಡ್ಡು ಹೊಡೆಯಬಾರದು ಅಂತ ಇಷ್ಟು ಬಿಗಿ. ಆ ಕಾಳಜಿ ತಪ್ಪಲ್ಲ.

ಅಕ್ಕ: ಆ ಮೊದಲ ಸುಳಿವು ಸಿಗೋದು ಯಾವತ್ತು?

ನಾನು: ಅವತ್ತೇ. ನಮ್ಮ ಪಂಚಾಯ್ತಿ ಆಫೀಸಿನ ಹತ್ತಿರ ಒಂದು ಮಳೆಮಾಪಕ ನಿಲ್ಲಿಸಿದ್ದಾರಲ್ಲ, ಸೋಲಾರ್ ಹಲಗೆ ಇರೋದು. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ್ದು. ಅಂಥವು ಆರು ಸಾವಿರಕ್ಕೂ ಹೆಚ್ಚು ಇವೆ. ಕಾಲು ಗಂಟೆಗೊಮ್ಮೆ ಬೆಂಗಳೂರಿಗೆ ಲೆಕ್ಕ ಹೋಗುತ್ತೆ. 1988ರಲ್ಲೇ ಬರ ಉಸ್ತುವಾರಿ ಘಟಕ ಅಂತ ಶುರು ಮಾಡಿದ ರಾಜ್ಯ ನಮ್ಮದು, ದೇಶದಲ್ಲೇ ಮೊದಲು. ಮಳೆ ಯಾವಾಗ ಅಂತ ರೈತರು ಫೋನ್ ಮಾಡಿ ಕೇಳೋದಕ್ಕೆ ವರುಣಮಿತ್ರ ಇದೆ.

ಅಕ್ಕ: ಆ ಕಂಬಕ್ಕೆ ಎಲ್ಲ ಗೊತ್ತು ಅನ್ನು. ಮೂರನೇ ವಾರ ಮುಗಿದ ರಾತ್ರಿಯೇ ಗೊತ್ತು. ಹಾಗಿದ್ದ ಮೇಲೆ ಮಾರನೇ ಬೆಳಿಗ್ಗೆ ಏನೋ ಒಂದು ತಾನಾಗಿ ಶುರು ಆಗಬೇಕು. ಹುರುಳಿ ಬೀಜ ಹೊರಡಬೇಕು. ಮೇವು ಹೊರಡಬೇಕು. ಕೂಲಿ ಕೆಲಸ ತೆಗೆಯಬೇಕು. ಸಹಕಾರ ಸಂಘದವರು ಸಾಲದ ವಾಯಿದೆ ಮುಂದೆ ಹಾಕಬೇಕು. ನಮ್ಮಲ್ಲಿ ಅವತ್ತು ಶುರು ಆಗೋದು ಸರ್ವೆ.

ಈ ಮಾತನ್ನು ನಾನು ಕರಡಿನ ಅಂಚಿನಲ್ಲಿ ಬರೆದುಕೊಂಡೆ. ಬರ ಸದ್ದಿಲ್ಲದೆ ಬರುತ್ತದೆ, ಅದಕ್ಕೇ ಎದುರಿಸುವುದು ಕಷ್ಟ ಅಂತ ನಾವು ಬರೆಯುತ್ತಾ ಬಂದಿದ್ದೇವೆ. ನಿಜ ನೋಡಿದರೆ ಎಲ್ಲ ಆಪತ್ತುಗಳಿಗಿಂತ ಹೆಚ್ಚು ಸಮಯ ಕೊಡುವುದು ಬರವೇ. ವಾರಗಟ್ಟಲೆ ಕೊಡುತ್ತದೆ. ಆ ವಾರಗಳನ್ನು ನಾವು ಅಳೆಯುವುದಕ್ಕೆ ಬಳಸುತ್ತಿದ್ದೇವೆ.

ನಾನು: ಚಂಡಮಾರುತಕ್ಕೆ ಸಿಗೋದು ಮೂರು ನಾಲ್ಕು ದಿನ. ಅಷ್ಟರಲ್ಲೇ ಒಡಿಶಾದವರು ಮಾಡಿ ತೋರಿಸಿದ್ದಾರೆ. 1999ರ ಅಕ್ಟೋಬರ್ 29ಕ್ಕೆ ಅಲ್ಲಿ ಅಪ್ಪಳಿಸಿದ ಸೂಪರ್ ಸೈಕ್ಲೋನಿನಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಅದೇ ವರ್ಷ ಅಲ್ಲಿನ ಸರ್ಕಾರ ವಿಕೋಪ ನಿರ್ವಹಣೆಗೆ ಅಂತಲೇ ಒಂದು ಪ್ರಾಧಿಕಾರ ಮಾಡಿತು. ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಅವರು ಅದಕ್ಕೆ ಕಾಯಲಿಲ್ಲ. ಕಡಲ ದಂಡೆಯುದ್ದಕ್ಕೂ ಕಂಬಗಳ ಮೇಲೆ ಎತ್ತರಕ್ಕೆ ಆಶ್ರಯ ಕಟ್ಟಡ ಕಟ್ಟಿದರು. ಉಳಿದ ದಿನ ಅವು ಶಾಲೆ, ಹಾಗಾಗಿ ಬೀಗ ತುಕ್ಕು ಹಿಡಿಯಲಿಲ್ಲ. ಊರೂರಲ್ಲಿ ಸ್ವಯಂಸೇವಕರನ್ನ ತಯಾರು ಮಾಡಿದರು. ಅಣಕು ಕಾರ್ಯಾಚರಣೆ ಮಾಡಿಸಿ ಮಾಡಿಸಿ ಜನಕ್ಕೆ ರೂಢಿ ಆಯ್ತು. 2019ರ ಮೇ 3ಕ್ಕೆ ಫೋನಿ ಚಂಡಮಾರುತ ಬಂತಲ್ಲ, ಅದರ ಮುಂಚೆ ಸುಮಾರು 12 ಲಕ್ಷ ಜನರನ್ನ ಸ್ಥಳಾಂತರ ಮಾಡಿದರು. ಆ ರಾಜ್ಯದಲ್ಲಿ ಸತ್ತವರು 64.

ಅಕ್ಕ: ಅರವತ್ತನಾಲ್ಕೂ ಜೀವವೇ. ಆದರೂ ಹತ್ತು ಸಾವಿರ ಎಲ್ಲಿ, ಇದು ಎಲ್ಲಿ! ಜನ ಮನೆ ಬಿಟ್ಟು ಬರೋದಕ್ಕೆ ಒಪ್ಪಿದ್ದು ಹೇಗೆ? ನಾನಾದರೆ ದನ ಬಿಟ್ಟು ಬರ್ತಿರಲಿಲ್ಲ.

ನಾನು: ಹೇಳಿದ್ದು ಗುರುತಿನವರು. ದೂರದ ಆಫೀಸರ್ ಅಲ್ಲ, ಪಕ್ಕದ ಬೀದಿಯ ಹುಡುಗ ಬಂದು ಕರೆದ. ಯಾವ ಮನೆಯಲ್ಲಿ ಮುದುಕರಿದ್ದಾರೆ, ಎಲ್ಲಿ ಬಸುರಿ ಇದ್ದಾಳೆ ಅಂತ ಮೊದಲೇ ಪಟ್ಟಿ ಇತ್ತು. ಬಾಂಗ್ಲಾದೇಶದಲ್ಲೂ ಹೀಗೇ ಆಯ್ತು. 1970ರ ಚಂಡಮಾರುತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಹೋದರು. ಸ್ವತಂತ್ರ ಆದ ಮಾರನೇ ವರ್ಷವೇ ಸ್ವಯಂಸೇವಕರ ದಂಡು ಕಟ್ಟಿದರು. 2022ರಲ್ಲಿ ಅವರು 2050ರವರೆಗಿನ ರಾಷ್ಟ್ರೀಯ ಹೊಂದಾಣಿಕೆ ಯೋಜನೆಯನ್ನೂ ಹೊರಡಿಸಿದರು. ಎಷ್ಟು ದುಡ್ಡು ಬೇಕು ಅಂತಲೂ ಅದರಲ್ಲಿದೆ, 23,000 ಕೋಟಿ ಡಾಲರ್. ಅಷ್ಟು ಎಲ್ಲಿಂದ ಬರುತ್ತೆ ಅನ್ನೋದು ಬೇರೆ ಪ್ರಶ್ನೆ. ಬೇಕಾದ್ದನ್ನ ಬರೆದಿಟ್ಟಿದ್ದಾರೆ ಅನ್ನೋದು ನನಗೆ ಮುಖ್ಯ.

ಅಕ್ಕ: ನಮ್ಮಲ್ಲಿ ಮುಂಚೆ ತೆಗೆದಿಡೋದಕ್ಕೆ ಅಂತ ಏನೂ ಇಲ್ಲವಾ ಈಗ?

ನಾನು: ಇದೆ. 15ನೇ ಹಣಕಾಸು ಆಯೋಗ ಒಂದು ಒಳ್ಳೆ ಕೆಲಸ ಮಾಡಿತು. 2021ರಿಂದ 26ರವರೆಗೆ ರಾಜ್ಯಗಳ ವಿಪತ್ತು ನಿಧಿಗೆ ಸುಮಾರು 1,60,000 ಕೋಟಿ ಅಂತ ನಿಗದಿ ಮಾಡಿ, ಅದರಲ್ಲಿ ಐದನೇ ಒಂದು ಪಾಲು ಮುಂಜಾಗ್ರತೆಗೇ ಮೀಸಲು ಅಂದಿತು. ಅಂದರೆ ಒಂದು ರೂಪಾಯಿಯಲ್ಲಿ 80 ಪೈಸೆ ಆಪತ್ತು ಬಂದಾಗ, 20 ಪೈಸೆ ಬರೋ ಮುಂಚೆ. ಅದಕ್ಕೆ ಮೊದಲು ಆ 20 ಪೈಸೆಗೆ ಹೀಗೆ ಖಾತರಿ ಇರಲಿಲ್ಲ. ಆದರೆ ನೋಡು, ಅದೇ ಅವಧಿಯ ಆಪತ್ತುಗಳ ಪಟ್ಟಿಯಲ್ಲಿ ಶೀತಗಾಳಿ ಇತ್ತು, ಬಿಸಿಗಾಳಿ ಇರಲಿಲ್ಲ. ರಾಜ್ಯಗಳು ತಮ್ಮ ನಿಧಿಯ ಹತ್ತನೇ ಒಂದು ಪಾಲಿನೊಳಗೆ ಸ್ಥಳೀಯ ಆಪತ್ತು ಅಂತ ಸೇರಿಸ್ಕೊಳ್ಳಬಹುದಿತ್ತು ಅಷ್ಟೇ.

ಅಕ್ಕ: ಚಳಿಗೆ ಸತ್ತರೆ ಲೆಕ್ಕ, ಬಿಸಿಲಿಗೆ ಸತ್ತರೆ ಇಲ್ಲ. ಪಟ್ಟಿ ಮಾಡಿದ ಕಾಲಕ್ಕೆ ಅದು ಸರಿಯಿತ್ತೇನೋ. ಆಮೇಲೆ ಕಾಲ ತಿರುಗಿತು, ಪಟ್ಟಿ ತಿರುಗಲಿಲ್ಲ. ನೋಡು, ಹೊಂದ್ಕೊಳ್ಳದೇ ಇರೋದು ಯಾರು ಅಂತ.

ನಾನು: ಅಹಮದಾಬಾದಿನವರು ಪಟ್ಟಿ ತಿರುಗೋವರೆಗೆ ಕಾಯಲಿಲ್ಲ. 2010ರ ಮೇ ತಿಂಗಳ ಬಿಸಿಲಿಗೆ ಆ ಒಂದೇ ಊರಲ್ಲಿ ವಾಡಿಕೆಗಿಂತ 1,300 ಜನ ಹೆಚ್ಚು ಸತ್ತರು. 2013ರಲ್ಲಿ ನಗರಪಾಲಿಕೆಯೇ ಬಿಸಿಲು ಎದುರಿಸೋ ಯೋಜನೆ ಮಾಡಿತು. ಎಷ್ಟು ಡಿಗ್ರಿ ದಾಟಿದರೆ ಯಾರು ಯಾರಿಗೆ ಫೋನ್ ಮಾಡಬೇಕು, ಆಸ್ಪತ್ರೆಯಲ್ಲಿ ಏನು ತಯಾರಿರಬೇಕು, ನೀರು ಎಲ್ಲೆಲ್ಲಿ ಇಡಬೇಕು ಅಂತ. ಅದನ್ನ ನೋಡಿ ಆಮೇಲೆ ದೇಶಕ್ಕೇ ಮಾರ್ಗಸೂಚಿ ಆಯ್ತು.

ಅಕ್ಕ: ಅಂದರೆ ಕೆಳಗೆ ಒಬ್ಬರು ಮಾಡ್ತಾರೆ, ಮೇಲಿನವರು ಆಮೇಲೆ ಬರೀತಾರೆ.

ನಾನು: ಬಹಳ ಸಲ ಹಾಗೇ. ದಿಲ್ಲಿಯ ಕೆಲಸ ಕೆಳಗಿನವರಿಗೆ ಪಾಠ ಹೇಳೋದು ಅಂತ ಮೊದಮೊದಲು ನಾನೂ ತಿಳಿದಿದ್ದೆ. ಈಗ ಹಾಗನ್ನಿಸೋದಿಲ್ಲ. ಗೆದ್ದ ಕಡೆ ಏನು ಗೆದ್ದಿತು ಅಂತ ಗುರುತಿಸಿ, ಅದಕ್ಕೆ ದುಡ್ಡಿನ ಖಾತರಿ, ಕಾನೂನಿನ ಖಾತರಿ ಕೊಡೋದು ರಾಷ್ಟ್ರ ಸರ್ಕಾರವೊಂದೇ ಮಾಡಬಲ್ಲ ಕೆಲಸ. ನಮ್ಮ ಪಕ್ಕದ ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿ ಗೊತ್ತಲ್ಲ? 2011ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಹವಾಮಾನದ ಏರುಪೇರು ತಡೆಯೋ ಬೇಸಾಯಕ್ಕೆ ನಿಕ್ರಾ ಅಂತ ಒಂದು ಕಾರ್ಯಕ್ರಮ ತೆಗೆಯಿತು. ಅದರಲ್ಲಿ ಆ ಹಳ್ಳಿಯನ್ನ ಆರಿಸ್ಕೊಂಡರು. ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರು ಅಲ್ಲಿ ಕೃಷಿ ಹೊಂಡ, ಬದು, ಬರ ತಡೆಯೋ ರಾಗಿ ತಳಿ ಇವನ್ನೆಲ್ಲ ಊರಿನವರ ಜೊತೆ ಸೇರಿ ಮಾಡಿದರು.

ಅಕ್ಕ: ಕೇಳಿದ್ದೀನಿ. ಎಂಎಲ್ 365 ರಾಗಿ ನಾನೂ ಹಾಕಿದ್ದೀನಿ. ಮುದ್ದೆ ಚೆನ್ನಾಗಿ ಬರುತ್ತೆ. ಆದರೆ ಎಲ್ಲಾ ಊರೂ ಆ ಊರಾಗೋದು ಯಾವಾಗ?

ನಾನು: ಅದೇ ಪರಿಷತ್ತು 573 ಗ್ರಾಮೀಣ ಜಿಲ್ಲೆಗಳನ್ನ ಪರೀಕ್ಷೆ ಮಾಡಿ 310 ಜಿಲ್ಲೆಗಳು ಅಪಾಯದಲ್ಲಿವೆ ಅಂದಿದೆ. ಅದರಲ್ಲಿ 109 ತೀರ ಹೆಚ್ಚು ಅಪಾಯದಲ್ಲಿ. ಮಾದರಿ ಹಳ್ಳಿಗಳು ಕೆಲವು ನೂರು. ದಾರಿ ಗೊತ್ತಿದೆ ಅಕ್ಕ, ನಡಿಗೆ ನಿಧಾನ.

ಅಕ್ಕ: ನಮ್ಮದೂ ತಪ್ಪಿದೆ. ಅದನ್ನೂ ಹೇಳಬೇಕು. ಅಪ್ಪನ ಕಾಲದಲ್ಲಿ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇಲ್ಲದೆ ಬಿತ್ತಿದ್ದು ನಾನು ನೋಡಿಲ್ಲ. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ರಾಗಿ ಕೈ ಕೊಟ್ಟರೆ ಅವರೆ ಹಿಡೀತಿತ್ತು. ಆಮೇಲೆ ಕಡ್ಲೆಕಾಯಿಗೆ ಬೆಲೆ ಬಂತು ಅಂತ ಇಡೀ ಹೊಲ ಒಂದೇ ಬೆಳೆ ಮಾಡಿದ್ವಿ. ಒಂದೇ ಬೆಳೆ ಹೋದರೆ ಎಲ್ಲ ಹೋಯ್ತು. ಆ ವರ್ಷ ಆದ ಮೇಲೆ ನಾನು ಮತ್ತೆ ತೊಗರಿ ಸಾಲು ಹಾಕ್ತಿದ್ದೀನಿ. ಆದರೆ ಬೆಳೆ ವಿಮೆಗೆ ಬರ್ಕೊಳ್ಳೋಕೆ ಹೋದಾಗ ಯಾವ ಬೆಳೆ ಅಂತ ಕೇಳ್ತಾರೆ. ಐದು ಬೆಳೆ ಇದೆ ಅಂದರೆ ಮುಖ್ಯ ಬೆಳೆ ಯಾವುದು ಹೇಳಿ ಅಂತಾರೆ. ನಾನು ಹೊಂದ್ಕೊಂಡಿದ್ದೀನಿ. ಆ ಫಾರಂ ಹೊಂದ್ಕೊಂಡಿಲ್ಲ.

ನಾನು: ಹೊಂದ್ಕೋಬೇಕಾದವರು ಯಾರು ಅಂತ ಕೇಳಿದೆಯಲ್ಲ, 2024ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ. ರಾಜಸ್ಥಾನ, ಗುಜರಾತಿನ ಬಸ್ಟರ್ಡ್ ಹಕ್ಕಿಗಳಿಗೂ ವಿದ್ಯುತ್ ತಂತಿಗಳಿಗೂ ಸಂಬಂಧಪಟ್ಟ ಮೊಕದ್ದಮೆ ಅದು. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಮುಕ್ತರಾಗಿ ಬದುಕೋದು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿರೋ ಹಕ್ಕು ಅಂತ ಒಪ್ಪಿತು. ನನಗೆ ಅದರಲ್ಲಿ ಆಸೆ ಇದೆ. ಹಕ್ಕು ಅಂದ ಮೇಲೆ ಅದನ್ನ ಕೊಡಬೇಕಾದವರು ಒಬ್ಬರು ಇರಲೇಬೇಕು.

ಅಕ್ಕ: ಇರಲಿ. ಆ ಒಬ್ಬರು ಯಾರು ಅಂತ ನಿನ್ನ ಪುಸ್ತಕದಲ್ಲಿ ಬರಿ. ಬರೆಯೋಕೆ ಬಿಡ್ತಾರಾ?

ನಾನು: ಇದು ಇನ್ನೂ ಕರಡು. ಅಭಿಪ್ರಾಯ ಬರೆಯೋಕೆ ಕಡೆಯಲ್ಲಿ ಹಾಳೆ ಬಿಟ್ಟಿದ್ದಾರೆ. ನೀನು ಹೇಳು, ನಾನು ಬರ್ಕೋತೀನಿ.

ಅವಳು ಮೊರ ಕೆಳಗಿಟ್ಟಳು. ಸೆರಗಿನಿಂದ ಕೈಯ ಧೂಳು ಒರೆಸಿಕೊಂಡಳು. ನನಗೆ ನಾಲ್ಕನೇ ಕ್ಲಾಸಿನಲ್ಲಿ ಉಕ್ತಲೇಖನ ಹೇಳಿಕೊಡುತ್ತಿದ್ದ ದನಿಯಲ್ಲೇ ನಿಧಾನವಾಗಿ ಶುರು ಮಾಡಿದಳು.

ಅಕ್ಕ: ಬರಿ. ಆರಿದ್ರಾ ಮಳೆ ಮುಗಿಯೋದರೊಳಗೆ ಹೋಬಳಿ ಗೋಡೌನಲ್ಲಿ ಹುರುಳಿ ಬೀಜ ಇರಬೇಕು. ಮಳೆ ಚೆನ್ನಾಗಿ ಆಗಿ ಅದು ಬೇಕಾಗದೇ ಹೋದರೆ ನಷ್ಟ ಅಂತ ಬರೆಯಬಾರದು, ಆ ಹುಡುಗನ ಸಂಬಳದಲ್ಲಿ ಹಿಡಿಯಬಾರದು. ಬರೆದೆಯಾ?

ನಾನು: ಬರೆದೆ.

ಅಕ್ಕ: ಪಂಚಾಯ್ತಿ ಕಂಬ ಮೂರು ವಾರ ಒಣಗಿದೆ ಅಂತ ಹೇಳಿದ ವಾರದೊಳಗೆ ಕೂಲಿ ಕೆಲಸ ತೆಗೀಬೇಕು. ಸರ್ವೆ ಆಮೇಲೆ ಮಾಡ್ಕೊಳ್ಳಲಿ. ವಾರಕ್ಕೆ ಹೊಲ ಮಾಡೋರ ಹೆಸರು ಪಂಚಾಯ್ತಿಯಲ್ಲಿ ಬಿತ್ತನೆ ಟೈಮಲ್ಲೇ ಬರ್ಕೋಬೇಕು. ಫಾರಮ್ಮಲ್ಲಿ ಅಕ್ಕಡಿ ಬೆಳೆಗೆ ಜಾಗ ಇಡಬೇಕು. ಬಿಸಿಲು ಹೆಚ್ಚಾದ ದಿನ ನರೇಗಾ ಥರದ ಕೆಲಸ ಬೆಳಿಗ್ಗೆ ಹತ್ತಕ್ಕೆ ಮುಗಿಸಿ ಪೂರ್ತಿ ಕೂಲಿ ಕೊಡಬೇಕು. ಇಷ್ಟೇ ಈಗ ಹೊಳೀತಿರೋದು.

ನಾನು ಪಟ್ಟಿಗೆ ಗೆರೆ ಎಳೆದು ಕೋಷ್ಟಕ ಮಾಡಿದೆ. ಏನು, ಯಾವಾಗ, ಎಷ್ಟು, ಯಾರು. ಮೊದಲ ಎರಡು ಅಂಕಣ ಅವಳೇ ತುಂಬಿಸಿದ್ದಳು. ಮೂರನೆಯದಕ್ಕೆ ನಮ್ಮ ಹೋಬಳಿಯಲ್ಲಿ ಒಣಬೇಸಾಯದ ಎಕರೆ ಎಷ್ಟು ಅಂತ ಲೆಕ್ಕ ಹಾಕುತ್ತಾ ಇಬ್ಬರೂ ಸ್ವಲ್ಪ ಹೊತ್ತು ಕೂತೆವು. ಪಡುವಲಲ್ಲಿ ಮೋಡ ಕಟ್ಟಿತ್ತು, ರೋಹಿಣಿ ಮಳೆಯ ತಂಗಾಳಿ ಬೀಸಿ ಸಿಪ್ಪೆಯೆಲ್ಲ ಅಂಗಳಕ್ಕೆ ಹಾರತೊಡಗಿತು. ಅಕ್ಕ ಎದ್ದು ಮೊದಲು ಗೋಡೆಯ ಮೂಟೆಯನ್ನು ಒಳಕ್ಕೆ ಎಳೆದಿಟ್ಟು, ಆಮೇಲೆ ಮೊರ ಎತ್ತಿಕೊಂಡಳು. ಬಾಗಿಲಲ್ಲಿ ನಿಂತು ನನ್ನ ಹಾಳೆಯ ಕಡೆ ನೋಡಿ, ನಾಲ್ಕನೇ ಅಂಕಣ ಇನ್ನೂ ಖಾಲಿ ಇದೆ ಅಂದಳು.